ಸೈಕಲ್ ದಾರಿಯ ಮೇಲೊಂದು ಬೂದಿಗೆರೆ

ರಸ್ತೆಯೇ ಒಂದು ಊರಿನ ನಾಗರಿಕತೆಯ ನಿಜವಾದ ಅಳತೆಗೋಲು. ಜನ ಯಾವ ದಾರಿಯಲ್ಲಿ ನಡೆಯುತ್ತಾರೆಂಬುದನ್ನು ನೋಡಿ ಅವರು ಎಲ್ಲಿಗೆ ಮುಟ್ಟುತ್ತಾರೆಂದು ಹೇಳಬಹುದು. ಈ ಮಾತನ್ನು ನಾನು ನನ್ನ ಬೀಳ್ಕೊಡುಗೆಯ ದಿನ, ಕೊರಳಲ್ಲಿ ಹಾರ ಇದ್ದಾಗ, ಬಹಳ ಗಂಭೀರವಾಗಿ ಆಡಿದೆ. ಖರೇ ಹೇಳಬೇಕೆಂದರೆ, ಮೂವತ್ತೊಂದು ವರ್ಷದಲ್ಲಿ ರಸ್ತೆಯ ವಿಷಯ ಹಿಡಿದು ನನ್ನ ಮೇಜಿನ ಮುಂದೆ ನಿಂತವರಲ್ಲಿ ಮುಕ್ಕಾಲು ಮಂದಿಗೆ ರಸ್ತೆ ಬೇಕಾಗಿರಲಿಲ್ಲ. ಎದುರುಮನೆಯವನ ಕಟ್ಟೆ ಹೋಗಬೇಕಾಗಿತ್ತು.

ನಾನು ಪುರಸಭೆಯಲ್ಲಿ ಕಿರಿಯ ಎಂಜಿನಿಯರನಾಗಿದ್ದವನು. ಜನರ ಬಾಯಲ್ಲಿ ಜೆ.ಇ. ಸಾಹೇಬ. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರುಗಳ ನಡುವೆಯೇ ನನ್ನನ್ನು ಎತ್ತಿ ಎತ್ತಿ ಇಟ್ಟರು. ಬಡ್ತಿಯ ವಿಚಾರ ಕೇಳಬೇಡಿ. ಅದು ಬಂದಾಗ ಕೂಡುವ ಕುರ್ಚಿಗೆ ಎರಡು ಕೈ ಬಂದವು, ಅಷ್ಟೆ. ಈಚೆಗೆ ಕೆಲಸಕ್ಕೆ ಸೇರಿದ ಇಬ್ಬರು ತರುಣರು ಮನೆಗೆ ಬಂದು, ಚಹಾ ಕುಡಿದು, "ಸರ್, ಮೊದಲು ಏನ ಕಲೀಬೇಕು?" ಎಂದು ಕೇಳಿದರು. "ಕೂಡೂದು ಕಲೀರಿ" ಎಂದೆ. ಅವರು ಸೋಫಾದ ಮೇಲೆ ಇನ್ನಷ್ಟು ನೆಟ್ಟಗೆ ಕುಳಿತರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದೆ ಹೇಳುವ ಸೈಕಲ್ ದಾರಿ ಮೂರರಲ್ಲಿ ಯಾವ ಊರಿನದು ಎಂದು ಮಾತ್ರ ಬರೆಯುವುದಿಲ್ಲ. ತಪ್ಪು ನನ್ನದು, ಅದರಲ್ಲಿ ಊರಿಗೆ ಯಾಕೆ ಪಾಲು?

ಮೊದಲು ಮಣ್ಣಿನ ಮಾತು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಅದು ಬಾಯಿ ತೆರೆಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಉಳಿದ ಕಾಲದಲ್ಲಿ ಮುಂದೇನು ಮಾಡಬೇಕೆಂದು ಯೋಚಿಸುತ್ತದೆ. ನಾನು ಹಾಕಿಸಿದ ಮೊದಲನೇ ಕಾಂಕ್ರೀಟು ಓಣಿಯ ಕೆಳಗೆ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ತುಂಬಿಸಿದ್ದು ಸಾಲಲಿಲ್ಲ. ಪುಸ್ತಕದಲ್ಲಿ ಹೇಳಿದಷ್ಟು ತುಂಬಿಸಿದ್ದೆ. ಪುಸ್ತಕ ಬರೆದವರ ಊರಿನಲ್ಲಿ ಎರೆಮಣ್ಣು ಇರಲಿಲ್ಲವೆಂದು ಕಾಣುತ್ತದೆ. ಎರಡನೇ ಮಳೆಗೆ ಓಣಿಯ ನಟ್ಟನಡುವೆ ರಸ್ತೆ ನಿಧಾನವಾಗಿ ಮೇಲಕ್ಕೆದ್ದಿತು. ನಾನು ಅಳತೆಪಟ್ಟಿ ಹಿಡಿದು ಸುತ್ತ ತಿರುಗುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತ ಒಬ್ಬ ಮುದುಕಿ ಕೇಳಿದಳು:

"ಸಾಹೇಬಾ, ಎಷ್ಟ ತಿಂಗಳಾತು?"

"ರಸ್ತೆ ಆಗಿ ಎಂಟು ತಿಂಗಳಾತು ಬೇ."

"ಹಂಗಾರ ಇನ್ನೊಂದ ತಿಂಗಳು ತಡಿ. ತಾನs ಹಡೀತೈತಿ."

ಆ ರಸ್ತೆಯನ್ನು ಒಡೆಸಿ ಮತ್ತೆ ಮಾಡಿಸಿದೆ. ಅಂದಿನಿಂದ ಪುಸ್ತಕದ ಲೆಕ್ಕಕ್ಕೆ ಇನ್ನೊಂದು ಮೊಳ ಗರಸು ಸೇರಿಸುವ ರೂಢಿ ಬಿತ್ತು. ಮೇಲಿನವರು ಕಾರಣ ಕೇಳಿದರೆ "ಸ್ಥಳೀಯ ಪರಿಸ್ಥಿತಿ" ಎಂದು ಬರೆಯುತ್ತಿದ್ದೆ. ಮುದುಕಿಯ ಹೆಸರನ್ನು ಬರೆಯಲು ಕಾಲಂ ಇರಲಿಲ್ಲ.

ಪದ್ಧತಿಗಳು ಬದಲಾದವು. ನಾನು ಸೇರಿದಾಗ ಅಳತೆಗೆ ಕಬ್ಬಿಣದ ಸರಪಳಿ ಇತ್ತು. ಅದನ್ನು ಎಳೆಯಲು ಇಬ್ಬರು, ಅವರ ಮೇಲೆ ಕೂಗಾಡಲು ಒಬ್ಬ. ಈಗ ಮೊಬೈಲಿನಲ್ಲಿ ಫೋಟೋ ಹೊಡೆದರೆ ಅಕ್ಷಾಂಶ ರೇಖಾಂಶ ಸಮೇತ ಬೀಳುತ್ತದೆ. ರಸ್ತೆ ಎಲ್ಲಿದೆ ಎಂಬುದು ಉಪಗ್ರಹಕ್ಕೂ ಗೊತ್ತು. ಯಾಕೆ ಇದೆ ಎಂಬುದು ಮಾತ್ರ ಇಂದಿಗೂ ಅದರ ದಂಡೆಗೆ ಹೋಗಿ ಕುಳಿತವನಿಗೇ ಗೊತ್ತಾಗಬೇಕು.

ಈ ಕೂಡುವ ವಿದ್ಯೆಯನ್ನು ನನಗೆ ಕಲಿಸಿದವರು ನಮ್ಮ ಮುಖ್ಯಾಧಿಕಾರಿ ಗಿರಿಜಾಬಾಯಿ. ಆಫೀಸಿನಲ್ಲಿ ಎಲ್ಲರೂ "ಬಾಯಾರ" ಎನ್ನುತ್ತಿದ್ದರು. ನನಗಿಂತ ಹನ್ನೆರಡು ವರ್ಷ ಚಿಕ್ಕವರು. ನಾನು ಕಂಡ ಮೇಲಧಿಕಾರಿಗಳಲ್ಲಿ ಕೆಲವರು ಕಡತ ಓದುತ್ತಿದ್ದರು, ಕೆಲವರು ಸಹಿಯ ಜಾಗ ಮಾತ್ರ ಓದುತ್ತಿದ್ದರು. ಇವರು ಕಡತ ಮುಚ್ಚಿಟ್ಟು, "ಜೆ.ಇ. ಸಾಹೇಬ್ರ, ಆ ರಸ್ತಿ ದಂಡಿಗೆ ಎಷ್ಟೊತ್ತು ಕುಂತೀರಿ?" ಎಂದು ಕೇಳುತ್ತಿದ್ದರು. ಹೋಗಿದ್ದೀರಾ ಎಂದಲ್ಲ, ಕುಳಿತಿದ್ದೀರಾ ಎಂದು. ಏಳು ದಿನ ಕುಳಿತು ಎಣಿಸದೆ ಯಾವ ದಾರಿಗೂ ಅಂದಾಜುಪಟ್ಟಿ ಮಾಡುವಂತಿರಲಿಲ್ಲ.

ಎಣಿಸಲು ಅವರದೇ ಒಂದು ಪದ್ಧತಿ. ಎರಡು ಕಿಸೆ, ಮೂರು ಬಗೆಯ ಬೀಜ. ಸೈಕಲ್ ಹೋದರೆ ಒಂದು ಹುಣಸೆಬೀಜ, ಲಾರಿ ಬಸ್ಸಿಗೆ ಗಜ್ಜುಗ, ಮೋಟಾರ್ ಸೈಕಲ್ಲಿಗೆ ಕಡಲೆ, ಬಲಗಿಸೆಯಿಂದ ಎಡಗಿಸೆಗೆ ಹೋಗಬೇಕು. ಕಾಗದದ ಮೇಲೆ ಗೆರೆ ಹಾಕುವವನು ತಲೆ ತಗ್ಗಿಸುತ್ತಾನೆ, ತಲೆ ತಗ್ಗಿಸಿದಾಗ ನಾಲ್ಕು ಗಾಡಿ ದಾಟಿಹೋಗುತ್ತವೆ ಎಂಬುದು ಅವರ ವಾದ. ಮೊದಲನೇ ದಿನ ನಾನು ಹುರಿದ ಕಡಲೆ ತಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೋಟಾರ್ ಸೈಕಲ್ಲುಗಳ ಸಂಖ್ಯೆ ಇಳಿಯುತ್ತ ಬಂತು. ಬಾಯಾರು ವರದಿ ನೋಡಿ, "ನಾಳೆಯಿಂದ ಹಸಿ ಕಡಲಿ ಒಯ್ರಿ" ಎಂದಷ್ಟೇ ಹೇಳಿದರು.

ಸೈಕಲ್ ದಾರಿಯ ಕಥೆ ಶುರುವಾದದ್ದು ಹಾಗೆ ಕುಳಿತಲ್ಲಿಯೇ. ಆ ಊರಿನ ಸರಕಾರಿ ಹೆಣ್ಣುಮಕ್ಕಳ ಹೈಸ್ಕೂಲು ಊರ ಹೊರಗೆ, ಹೆದ್ದಾರಿಯ ಮೇಲೆ, ಸುಮಾರು ಎರಡು ಕಿಲೋಮೀಟರ್ ದೂರದಲ್ಲಿದೆ. ಜಾಗ ಅಲ್ಲಿ ಸಿಕ್ಕಿತ್ತು, ಕಟ್ಟಿದರು. ಸರಕಾರ ಮಕ್ಕಳಿಗೆ ಸೈಕಲ್ ಕೊಟ್ಟಿತು. ಸೈಕಲ್ ಎಲ್ಲಿ ಹೊಡೆಯಬೇಕೆಂದು ಯಾರೂ ಹೇಳಿರಲಿಲ್ಲ. ಲಾರಿಗಳು ರಸ್ತೆಯ ಮೇಲೆ, ಹುಡುಗಿಯರು ರಸ್ತೆಯ ಅಂಚಿನ ಮೇಲೆ, ಒಂದು ಗೇಣು ಅಂತರ.

ಆ ಹಾದಿಯನ್ನು ಗುಡಿಸುತ್ತಿದ್ದವಳು ನಮ್ಮ ಪೌರಕಾರ್ಮಿಕಳಾದ ರೇಣವ್ವ. ಗಂಡ ತೀರಿಕೊಂಡಿದ್ದ, ಗಂಡನ ಅಣ್ಣ ಯಲ್ಲಪ್ಪನ ಮನೆಯಲ್ಲಿ ಮಗಳನ್ನು ಕಟ್ಟಿಕೊಂಡು ಇದ್ದಳು. ಮಗಳು ಕಸ್ತೂರಿ ಎಂಟನೇ ತರಗತಿ. ನಾನು ಎಣಿಸುತ್ತ ಕುಳಿತಾಗ ರೇಣವ್ವ ಕಸಬರಿಗೆ ಊರಿ ನಿಂತು ಹೇಳಿದಳು:

"ನಮ್ಮ ಭಾವ ಲಾರಿ ಹೊಡಿತಾನ್ರಿ ಸಾಹೇಬ್ರ. ಅಂವಾ ಅಂತಾನ, 'ಮ್ಯಾಲ ಕುಂತವಗ ಸೈಕಲ್ ಕಾಣೂದಿಲ್ಲ, ಸೈಕಲ್ ಬಿದ್ದದ್ದೂ ಕಾಣೂದಿಲ್ಲ. ನನ್ನ ಗಾಡಿ ಮುಂದ ನನ್ನ ತಮ್ಮನ ಮಗಳನ್ನ ಬಿಡಾಂವ ಅಲ್ಲ ನಾನು. ಸಾಲಿ ಬಿಡಸು.' ಸಿಟ್ಟಿಲೆ ಅನ್ನಾಂವ ಅಲ್ರಿ ಅಂವಾ. ಅಂಜಿ ಅಂತಾನ."

"ಮತ್ತ ನೀ ಏನಂದಿ?"

"ಪುರಸಭೆದವರು ದಾರಿ ಮಾಡಾಕತ್ತಾರ, ಸಾಹೇಬ್ರು ಕುಂತು ಎಣಸಾಕತ್ತಾರ ಅಂದೆ. 'ಎಣಸಲಿ' ಅಂದ. ಈ ವರ್ಷದ ಮಟ್ಟಿಗೆ ತಡದಾನ್ರಿ."

ಹಾಗೆ ನನ್ನ ಕಿಸೆಯ ಹುಣಸೆಬೀಜದ ಮೇಲೆ ಒಬ್ಬ ಹುಡುಗಿಯ ಓದು ನಿಂತಿತು. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಎಂಜಿನಿಯರನಿಗೆ ಹೊರೆಯ ಲೆಕ್ಕ ಮೊದಲೇ ಗೊತ್ತಿರಬೇಕು.

ಹೆದ್ದಾರಿ ನಮ್ಮದಲ್ಲ. ಆದರೆ ಅದರ ಬಗಲಿಗೆ ಹಳೆಯ ಬಂಡಿದಾರಿಯೊಂದು ಜಾಲಿಗಿಡ ಬೆಳೆದು ಬಿದ್ದಿತ್ತು, ಅದು ಪುರಸಭೆಯದು. ಬಾಯಾರು ಹಳೆಯ ನಕಾಶೆ ತೆಗೆಸಿ ಅದನ್ನು ಹುಡುಕಿದರು. ಜಾಗ ಸಿಕ್ಕಿತು, ಉಳಿದದ್ದು ಹಣ. ಆ ವರ್ಷದ ರಸ್ತೆ ಅನುದಾನವನ್ನು ಹಂಚುವ ಸಭೆ ಎಂದರೆ ನಮ್ಮಲ್ಲಿ ಹೋಳಿಗೆ ಹಂಚಿದಂತೆ: ಪ್ರತಿ ವಾರ್ಡಿಗೆ ಒಂದೊಂದು, ಯಾರದೂ ಹೊಟ್ಟೆ ತುಂಬುವುದಿಲ್ಲ, ಯಾರಿಗೂ ಸಿಟ್ಟು ಬರುವುದಿಲ್ಲ. ಊರ ಹೊರಗಿನ ಸೈಕಲ್ ದಾರಿ ಯಾವ ವಾರ್ಡಿಗೂ ಸೇರಿದ್ದಲ್ಲ. ಹೀಗಾಗಿ ಅದಕ್ಕೆ ಬಾಯಿ ಇಲ್ಲ.

ಬಾಯಾರು ಸಭೆಗೆ ಒಂದು ಚೀಲ ತಂದರು. ಅದರೊಳಗೆ ವಾರ್ಡಿಗೊಂದರಂತೆ ಬಟ್ಟೆಯ ಗಂಟು. ಎಣಿಕೆಯ ಆ ಏಳು ದಿನ ರೇಣವ್ವ ಪ್ರತಿ ಹುಡುಗಿಯನ್ನೂ ನಿಲ್ಲಿಸಿ "ಯಾವ ಓಣಿ ಬೇ ನಿಂದು?" ಎಂದು ಕೇಳಿದ್ದಳು, ಬೀಜಗಳನ್ನು ವಾರ್ಡುವಾರು ಬೇರೆ ಮಾಡಿದ್ದೆವು. ಗಂಟುಗಳು ಸದಸ್ಯರ ಮುಂದೆ ಒಂದೊಂದಾಗಿ ಕುಳಿತವು. ಗಟಾರಕ್ಕಾಗಿ ಮೂರು ವರ್ಷದಿಂದ ಹೋರಾಡುತ್ತಿದ್ದ ಹಿರಿಯ ಸದಸ್ಯರೊಬ್ಬರು ಗಂಟು ಬಿಚ್ಚಿದರು.

"ಇದೇನ್ರಿ ಬಾಯಾರ, ಸಾರಿಗೆ ಹುಣಸಿ ಹಣ್ಣರ ಕೊಡ್ರಿ, ಬೀಜ ಕೊಟ್ಟೀರಿ."

"ನಿಮ್ಮ ವಾರ್ಡಿನ ಹುಡುಗ್ಯಾರ್ರಿ. ದಿನಾ ಲಾರಿ ಬಗಲಿಗೆ ಹೋಗಾವ್ರು."

ಅವರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಇಷ್ಟು ಮಂದಿ ಅದಾರೇನ್ರಿ ನಮ್ಮ ವಾರ್ಡಿನಾಗ?"

"ಅದಾರ. ಅವರ ಅವ್ವ ಅಪ್ಪಾನೂ ಅದಾರ. ಅವರ ಎಣಿಕಿ ನಿಮ್ಮ ಕಡೆ ಇರಬೇಕು, ಓಟಿನ ಪಟ್ಟಿಯೊಳಗ."

ಉಳಿದ ಸದಸ್ಯರೂ ತಮ್ಮ ತಮ್ಮ ಗಂಟು ಬಿಚ್ಚಿ ಎಣಿಸತೊಡಗಿದರು. ಪ್ರತಿ ವಾರ್ಡೂ ತನ್ನ ಪಾಲಿನಿಂದ ಸ್ವಲ್ಪ ಬಿಟ್ಟುಕೊಡಬೇಕೆಂದು ಠರಾವಾಯಿತು. ಗಟಾರದ ಸದಸ್ಯರೇ ಅನುಮೋದಿಸಿದರು. ಅವರ ಗಟಾರ ಮರುವರ್ಷ ಆಯಿತು. ಬಾಯಾರು ಅದನ್ನು ಮರೆಯಲಿಲ್ಲ. ಹಣ ತರುವ ಅಧಿಕಾರಿಗಳನ್ನು ಕಂಡಿದ್ದೇನೆ. ಹಣ ಬಿಡುವಂತೆ ಮಾಡಿದವರನ್ನು ಇವರೊಬ್ಬರನ್ನೇ ಕಂಡೆ.

ದಾರಿ ಮೂರು ಮೀಟರ್ ಅಗಲ. ಗರಸು ಪುಸ್ತಕಕ್ಕಿಂತ ಒಂದು ಮೊಳ ಹೆಚ್ಚು. ಮೇಲೆ ಕಾಂಕ್ರೀಟು, ತಟ್ಟಿ ತಟ್ಟಿ ತಾಟಿನಂತೆ ನಯ ಮಾಡಿಸಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ನನ್ನ ಮನೆಯ ಪಡಸಾಲೆಯನ್ನೂ ಮಾಡಿಸಿಲ್ಲ. ಬೇಸಿಗೆ ರಜೆ ಮುಗಿಯುವ ಮೊದಲೇ ಕೆಲಸ ಮುಗಿಯಿತು. ಉದ್ಘಾಟನೆಯ ದಿನ, ದಾರಿಗೆ ಹೊಂದಿ ಹೊಲ ಇರುವ ಫಕೀರಗೌಡರು ಬಂದರು. ಎಪ್ಪತ್ತು ದಾಟಿದ ಒಕ್ಕಲಿಗ. ಚಪ್ಪಲಿ ದೂರ ಬಿಟ್ಟು, ಕುಕ್ಕರಗಾಲಲ್ಲಿ ಕುಳಿತು, ಕಾಂಕ್ರೀಟಿನ ಮೇಲೆ ಅಂಗೈ ಆಡಿಸಿದರು.

"ಭಾಳ ಚಲೋ ಆತ್ರಿ ಜೆ.ಇ. ಸಾಹೇಬ್ರ. ಒಂದು ಹಳ್ಳ ಇಲ್ಲ, ಒಂದು ಬಿರುಕಿಲ್ಲ. ಇಂಥಾದ್ದು ನಮ್ಮಪ್ಪನ ಕಾಲದಾಗೂ ಇರಲಿಲ್ಲ."

ಅವರಪ್ಪನ ಕಾಲದಲ್ಲಿ ಸೈಕಲ್ ದಾರಿ ಹೇಗೆ ಇರಲು ಸಾಧ್ಯ ಎಂದು ನಾನು ಯೋಚಿಸಲಿಲ್ಲ. ಹೊಗಳಿಕೆ ಬಂದಾಗ ಯೋಚನೆ ಮಾಡುವ ಎಂಜಿನಿಯರನನ್ನು ನಾನು ಕಂಡಿಲ್ಲ.

ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಹೆಸರುಕಾಳಿನ ಸುಗ್ಗಿ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಹೆಸರು ಕೀಳುವುದು ಮಳೆಗಾಲದ ನಡುವೆಯೇ. ಹೊಲದಲ್ಲಿ ಎರೆಮಣ್ಣು ಹಸಿ. ಅಲ್ಲಿ ಕಣ ಮಾಡಲು ಬರುವುದಿಲ್ಲ. ಮೋಡ ಒಂದು ತಾಸು ಬಿಡುವು ಕೊಟ್ಟರೆ ಅಷ್ಟರಲ್ಲಿ ಬಳ್ಳಿ ಒಣಗಬೇಕು, ಇಲ್ಲದಿದ್ದರೆ ಕಾಯಿಯಲ್ಲೇ ಕಾಳು ಮೊಳಕೆ ಬಿಡುತ್ತದೆ. ಒಣ ಜಾಗ ಎಂದರೆ ರಸ್ತೆ ಒಂದೇ. ಹೀಗಾಗಿ ಆ ದಿನಗಳಲ್ಲಿ ಸವಡಿಯಿಂದ ಶಿರೋಳದವರೆಗೆ ಯಾವ ರಸ್ತೆಗೆ ಹೋದರೂ ಅದರ ಮೇಲೆ ಹೆಸರು ಬಿದ್ದಿರುತ್ತದೆ. ಇದು ಈ ಸೀಮೆಯ ಪ್ರತಿ ಕೂಸಿಗೂ ಗೊತ್ತು.

ನನಗೂ ಗೊತ್ತಿತ್ತು. ನಾನು ಅಬ್ಬಿಗೇರಿಯ ಒಕ್ಕಲು ಮನೆಯವನು. ಅದೇ ವಾರ ನನ್ನ ತಮ್ಮ ಫೋನ್ ಮಾಡಿ, "ಅಣ್ಣಾ, ನಮ್ಮ ಹೆಸರು ಡಾಂಬರ ರಸ್ತಿ ಮ್ಯಾಲ ಹಾಕೇವಿ, ಚಲೋ ಒಣಗಾಕತ್ತೈತಿ" ಎಂದಿದ್ದ. "ಚಲೋ ಆತು" ಎಂದಿದ್ದೆ. ಫೋನ್ ಇಟ್ಟು, ಸೈಕಲ್ ದಾರಿಗೆ ಬಿಳಿ ಬಣ್ಣದ ಸೈಕಲ್ ಚಿತ್ರ ಬರೆಸುವ ಕಡತಕ್ಕೆ ಸಹಿ ಹಾಕಿದ್ದೆ. ನಾನು ಏಳು ದಿನ ಕುಳಿತು ಎಣಿಸಿದ್ದು ಮಾಗಿಯ ಚಳಿಯಲ್ಲಿ. ಮಾಗಿಯಲ್ಲಿ ಹೆಸರು ಇರುವುದಿಲ್ಲ. ವರ್ಷಕ್ಕೆ ಹನ್ನೆರಡು ತಿಂಗಳು ಎಂಬ ಸಂಗತಿ ನನ್ನ ಕಿಸೆಯಲ್ಲಿ ಇರಲಿಲ್ಲ.

ಬುಧವಾರ ಬೆಳಿಗ್ಗೆ ಹೋಗಿ ನೋಡಿದರೆ ದಾರಿ ಕಾಣಿಸಲಿಲ್ಲ. ಈ ತುದಿಯಿಂದ ಆ ತುದಿಗೆ ಹೆಸರಿನ ಬಳ್ಳಿ, ನಡುನಡುವೆ ತಾಡಪತ್ರಿ ಮುಚ್ಚಿದ ರಾಶಿ, ತಾಡಪತ್ರಿಯ ಮೇಲೆ ಕಲ್ಲು. ಲಾರಿ ಇಲ್ಲ, ಧೂಳಿಲ್ಲ, ತಾಟಿನಂಥ ನೆಲ. ಅಪ್ಪನ ಕಾಲದಲ್ಲೂ ಇರಲಿಲ್ಲವೆಂದು ಫಕೀರಗೌಡರು ಹೇಳಿದ್ದು ದಾರಿಯನ್ನಲ್ಲ, ಇಂಥ ಕಣವನ್ನು ಎಂದು ಆಗ ಹೊಳೆಯಿತು. ಹುಡುಗಿಯರು ಮತ್ತೆ ಹೆದ್ದಾರಿಯ ಅಂಚಿಗೆ ಹೋಗಿದ್ದರು.

ಆಫೀಸಿಗೆ ಬಂದರೆ ಬಾಗಿಲಲ್ಲಿ ರೇಣವ್ವ ನಿಂತಿದ್ದಳು. ಹಿಂದಿನ ಸಂಜೆ ಲಾರಿಯೊಂದು ಹಾಯ್ದ ಗಾಳಿಗೆ ಕಸ್ತೂರಿ ಸೈಕಲ್ ಸಮೇತ ತಗ್ಗಿಗೆ ಬಿದ್ದಿದ್ದಳು. ಮೊಣಕಾಲು ತರಚಿತ್ತು, ಅಷ್ಟೇ. ಮನೆಗೆ ಬಂದಾಗ ದೊಡ್ಡಪ್ಪ ಯಲ್ಲಪ್ಪ ಇದ್ದ.

"ಸೋಮವಾರತನಕ ನೋಡ್ತೀನಿ ಅಂದಾನ್ರಿ. ಅಷ್ಟರಾಗ ದಾರಿ ಖುಲ್ಲಾ ಆಗಲಿಲ್ಲಂದ್ರ ಸಾಲಿ ಸಾಕು ಅಂದಾನ. ಸಾಹೇಬ್ರ, ನಿಮ್ಮ ದಾರಿ ನಂಬಿ ಅಂವಗ ಮಾತು ಕೊಟ್ಟಾಕಿ ನಾನು. ಅಂವಾ ಅಂದಿದ್ದು ಖರೇ ಆತು, ನಾ ಅಂದಿದ್ದು ಸುಳ್ಳಾತು."

ನಾನು ಮಾಡಿದ ಮೊದಲ ಕೆಲಸ ಎಂದರೆ ನೋಟಿಸು ಬರೆದದ್ದು. ಸಾರ್ವಜನಿಕ ಆಸ್ತಿ, ಅತಿಕ್ರಮಣ, ಇಪ್ಪತ್ನಾಲ್ಕು ತಾಸು, ಜಪ್ತಿ, ಎಲ್ಲವನ್ನೂ ಹಾಕಿ ಒಂದೂವರೆ ಪುಟ. ಬಾಯಾರು ಓದಿದರು.

"ಈ ಜಪ್ತಿ ಮಾಡಿದ ಹೆಸರು ಎಲ್ಲಿ ಇಡ್ತೀರಿ?"

"ಆಫೀಸಿನ ಗೋದಾಮಿನಾಗ್ರಿ."

"ಹಸಿ ಹೆಸರು. ಮೂರು ದಿನದಾಗ ಮೊಳಕಿ ಒಡೀತೈತಿ. ಆಮ್ಯಾಲ ಇಡೀ ಸಿಬ್ಬಂದಿಗೆ ಕೋಸಂಬರಿ ಮಾಡಸ್ತೀರೇನು?" ನೋಟಿಸನ್ನು ಮಡಚಿ ನನಗೇ ಕೊಟ್ಟರು. "ಅವರದೂ ವರ್ಷದ ಅನ್ನ ಐತ್ರಿ. ತಪ್ಪು ಮಾಡಿದಾವ್ರು ನಾವು. ನಡೀರಿ, ಮತ್ತೊಮ್ಮಿ ಕೂಡೂನು."

ಗುರುವಾರ ನಾನು ದಾರಿಯ ನಟ್ಟನಡುವೆ ಸುಣ್ಣದ ಗೆರೆ ಹಾಕಿಸಿದೆ. ಅರ್ಧ ಹೆಸರಿಗೆ, ಅರ್ಧ ಸೈಕಲ್ಲಿಗೆ. ಶುಕ್ರವಾರದ ಹೊತ್ತಿಗೆ ಗೆರೆಯ ಮೇಲೆಯೇ ಹೆಸರು ಬಿದ್ದಿತ್ತು. ಯಾರೂ ದ್ವೇಷದಿಂದ ಮಾಡಿದ್ದಲ್ಲ. "ಅದು ಸರಕಾರದ ಸುಣ್ಣ ಬಿಡ್ರಿ, ಮಳಿ ಬಂದ್ರ ಹೋಗತೈತಿ" ಎಂದು ಒಬ್ಬ ರೈತ ನನ್ನನ್ನೇ ಸಮಾಧಾನ ಮಾಡಿದ.

ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ಬಾಯಾರೂ ನಾನೂ ಜಾಲಿಯ ನೆರಳಿಗೆ ಕುಳಿತೆವು. ಮೋಡ ಏರುತ್ತಿತ್ತು. ಫಕೀರಗೌಡರು ಒಣಗಿದ್ದನ್ನು ಗೂಡಿಸಿ ರಾಶಿ ಮಾಡಿದರು. ರಾಶಿಯ ನೆತ್ತಿಗೆ ಸೆಗಣಿಯ ಬೆನಕನನ್ನು ಇಟ್ಟು ಗರಿಕೆ ಸಿಕ್ಕಿಸಿದರು. ಆಮೇಲೆ ಒಂದು ಮಡಕೆಯಿಂದ ಬೂದಿ ತೆಗೆದು ರಾಶಿಯ ಸುತ್ತ, ತುಟಿ ಮುಚ್ಚಿಕೊಂಡು, ಗೆರೆ ಎಳೆದರು. ಅಷ್ಟರಲ್ಲಿ ಅವರ ಮಗ ಹಗ್ಗ ಹಿಡಿದು ಬಂದ. ನೇರ ಬಂದಿದ್ದರೆ ಎರಡು ಹೆಜ್ಜೆ. ಅವನು ಬೂದಿಗೆರೆಯ ಹೊರಗಿನಿಂದ ಸುತ್ತು ಹಾಕಿ ಬಂದ. ಹಿಂದೆ ಬಂದ ಮೊಮ್ಮಗಳೂ ಸುತ್ತು ಹಾಕಿದಳು. ನಾನು ಹುಟ್ಟಿದಾಗಿನಿಂದ ಕಂಡ ಗೆರೆ ಅದು, ಕಂಡಿದ್ದೆ, ಎಣಿಸಿರಲಿಲ್ಲ. ಬಾಯಾರು ಎದ್ದು ಹೋದರು.

"ಗೌಡ್ರ, ಈ ಗೆರಿ ಯಾರೂ ದಾಟೂದಿಲ್ಲೇನ್ರಿ?"

"ದಾಟಿದ್ರ ರಾಶಿ ಹುಲುಸು ಹೋಗತೈತ್ರಿ ಬಾಯಾರ."

"ನೀವು?"

"ರಾಶಿ ಅಳದು ಮುಗಿಯೂತನಕ ನಾನೂ ದಾಟೂದಿಲ್ರಿ. ಗೆರಿ ಅಂದ್ರ ಗೆರಿ."

"ಹಂಗಾರ ನಮಗೂ ಒಂದು ಗೆರಿ ಹಾಕಿ ಕೊಡ್ರಿ. ಈ ದಂಡಿಯಿಂದ ಆ ದಂಡಿತನಕ, ದಾರಿ ನಡುವ. ಆ ಕಡೆ ನಿಮ್ಮ ರಾಶಿ, ಈ ಕಡೆ ನಮ್ಮ ರಾಶಿ."

ಫಕೀರಗೌಡರು ನಕ್ಕರು. "ಪುರಸಭೆದವರು ಯಾವಾಗ ಬಿತ್ತೀರಿ? ಎಲ್ಲೈತ್ರಿ ನಿಮ್ಮ ರಾಶಿ?"

ಶಾಲೆ ಬಿಟ್ಟಿತ್ತು. ಹೆದ್ದಾರಿಯ ಅಂಚಿನಲ್ಲಿ ಹುಡುಗಿಯರು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಲಾರಿಯ ಸಪ್ಪಳ ಕೇಳಿದಾಗೊಮ್ಮೆ ಇಳಿದು ಸೈಕಲ್ ಹಿಡಿದು ತಗ್ಗಿನಲ್ಲಿ ನಿಲ್ಲುತ್ತಿದ್ದರು. ಬಾಯಾರು ಅತ್ತ ಕೈ ಮಾಡಿದರು.

"ಅಗೋ, ಬರಾಕತ್ತೈತಿ ನೋಡ್ರಿ."

ಗೌಡರು ನೋಡಿದರು. ಒಂದು ಲಾರಿ ಹಾಯ್ದು ಹೋಗುವತನಕ ನೋಡಿದರು. ಎಷ್ಟಾದರೂ ಒಕ್ಕಲಿಗ ಒಕ್ಕಲಿಗನೇ. "ಅರ್ಧ ದಾರ್ಯಾಗ ನನ್ನ ಹೆಸರು ಹಿಡಿಯೂದಿಲ್ರಿ" ಎಂದರು.

"ಈ ವರ್ಷ ತೆಳ್ಳಗ ಹಾಕಿ ಎರಡು ಸರ್ತಿ ಒಣಗಸ್ರಿ. ಬರೂ ವರ್ಷ ಹೊಲದ ಬಾಜೂಕ ನಿಮಗ ಬ್ಯಾರೆ ಕಣ ಕಟ್ಟಿ ಕೊಡ್ತೇವಿ. ಇದು ನನ್ನ ಮಾತು."

"ಮಾತಿಗೆ ಕಾಗದ?"

"ಕಾಗದ ಯಾಕ? ಜೆ.ಇ. ಸಾಹೇಬರನ್ನ ಒತ್ತಿ ಇಟ್ಕೋರಿ."

ಫಕೀರಗೌಡರು ನನ್ನನ್ನು ತಲೆಯಿಂದ ಕಾಲತನಕ ನೋಡಿ, "ಇವರಿಗೆ ಮೇವು ಯಾರು ಹಾಕಾವ್ರು? ಬ್ಯಾಡ ಬಿಡ್ರಿ, ಮಾತs ಸಾಕು" ಎಂದರು.

ಎರಡು ಕಿಲೋಮೀಟರಿಗೆ ಬೂದಿ ಎಷ್ಟು ಬೇಕು ಎಂಬುದಕ್ಕೆ ಯಾವ ದರಪಟ್ಟಿಯಲ್ಲೂ ಲೆಕ್ಕವಿಲ್ಲ. ರೇಣವ್ವ ಶನಿವಾರ ತನ್ನ ಜೊತೆಗಾರ್ತಿಯರನ್ನು ಕರೆದುಕೊಂಡು ಓಣಿ ಓಣಿ ತಿರುಗಿ, ಮನೆಗಳ ನೀರೊಲೆಯ ಬೂದಿ, ಖಾನಾವಳಿಗಳ ಬೂದಿ, ಎಲ್ಲ ಸೇರಿಸಿ ನಾಲ್ಕು ಕೈಗಾಡಿ ತುಂಬಿಸಿದಳು. ಜರಡಿ ಹಿಡಿದು ಇದ್ದಿಲು ತೆಗೆದಳು. "ರಾಶಿ ಬೂದ್ಯಾಗ ಹರಳಿರಬಾರದ್ರಿ" ಎಂದು ನನಗೆ ಹೇಳಿದಳು. ನನ್ನ ಕಾಂಕ್ರೀಟಿನ ಮರಳನ್ನು ಯಾರೂ ಅಷ್ಟು ಶ್ರದ್ಧೆಯಿಂದ ಸೋಸಿರಲಿಲ್ಲ. ರವಿವಾರ ಬೆಳಿಗ್ಗೆ ಫಕೀರಗೌಡರು ತಮ್ಮ ಹೆಸರನ್ನು ಒಂದು ಬದಿಗೆ ಸರಿಸಿ ಮೊದಲ ಗೆರೆ ಎಳೆದರು. ಆಮೇಲೆ ತಮ್ಮ ತಮ್ಮ ಹೊಲದ ಮುಂದೆ ಆಯಾ ರೈತರು. ನಮ್ಮವರು ಯಾರೂ ಮುಟ್ಟಲಿಲ್ಲ. ಬಾಯಾರ ಅಪ್ಪಣೆ ಅದಾಗಿತ್ತು: "ನಾವು ಎಳದ್ರ ಅದು ಸುಣ್ಣ. ಅವರು ಎಳದ್ರ ಗೆರಿ."

ಸೋಮವಾರ ಯಲ್ಲಪ್ಪ ಸ್ವತಃ ಬಂದ. ಕಸ್ತೂರಿ ಸೈಕಲ್ ಮೇಲೆ ಮುಂದೆ, ಅವನು ಹಿಂದೆ ನಡೆಯುತ್ತ. ರೇಣವ್ವ ಅಷ್ಟು ದೂರದಲ್ಲಿ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ನಾನು ಏನನ್ನೋ ಅಳೆಯುವವನಂತೆ ಪಟ್ಟಿ ಹಿಡಿದು ನಿಂತಿದ್ದೆ. ಎಡಕ್ಕೆ ಹೆಸರು, ಬಲಕ್ಕೆ ಖುಲ್ಲಾ ದಾರಿ, ನಡುವೆ ಬೂದಿ. ಎದುರಿನಿಂದ ಒಂದು ಸೈಕಲ್ ಬಂತು. ಅದಕ್ಕೆ ಹಾದಿ ಬಿಡಲು ಯಲ್ಲಪ್ಪ ಎಡಕ್ಕೆ ಸರಿದು ಗೆರೆಯ ಮೇಲೆ ಕಾಲೆತ್ತಿದ.

"ಏ ತಮ್ಮಾ," ಫಕೀರಗೌಡರು ಹೊಲದಿಂದಲೇ ಕೂಗಿದರು. "ಲಾರಿ ಹೊಡಿಯಾಂವ ಅಲ್ಲೇನು ನೀ? ಗೆರಿ ಕಾಣೂದಿಲ್ಲ? ಕಾಲು ಈಚೆ ಇಡು."

ಯಲ್ಲಪ್ಪ ಕಾಲನ್ನು ಈಚೆಗೆ ಇಟ್ಟ. ಸ್ವಲ್ಪ ಹೊತ್ತು ಗೆರೆಯನ್ನು ಎರಡೂ ದಿಕ್ಕಿಗೆ ಕಣ್ಣು ಹರಿಯುವತನಕ ನೋಡಿದ. ಮುಂದೆ ಶಾಲೆಯವರೆಗೆ ನಡೆದು ಹೋಗಿ, ತಿರುಗಿ ಬರುವಾಗ ರೇಣವ್ವನ ಹತ್ತಿರ ನಿಂತು, "ಸಂಜಿಕೂ ಹಿಂಗs ಇರತೈತೇನು?" ಎಂದು ಕೇಳಿದ.

"ನೀನs ಬಂದು ನೋಡು ಭಾವ."

ಅವನು ಸಂಜೆಯೂ ಬಂದ. ಮಂಗಳವಾರವೂ ಬಂದ. ಬುಧವಾರ ಲಾರಿಯ ಮೇಲೆ ಹೋದ.

ಆ ಸುಗ್ಗಿಯಲ್ಲಿ ಮೂರು ಸಲ ಮಳೆ ಬಂದು ಗೆರೆ ತೊಳೆದುಹೋಯಿತು. ಮೂರು ಸಲವೂ ರೈತರೇ ಮತ್ತೆ ಹಾಕಿದರು, ಯಾರೂ ಹೇಳಿ ಕಳಿಸಲಿಲ್ಲ. ನನ್ನ ಸುಣ್ಣದ ಕಡತ ಮಾತ್ರ ಇನ್ನೂ ಎಲ್ಲೋ ಇರಬೇಕು.

ಮರುವರ್ಷದ ಅಂದಾಜುಪಟ್ಟಿಯಲ್ಲಿ ಕಣವನ್ನು ಸೇರಿಸುವಾಗ ನಾನು ಜಾಣತನ ಮಾಡಿ "ಪಾರ್ಶ್ವ ಬಲವರ್ಧನೆ" ಎಂದು ಬರೆದಿದ್ದೆ. ಬಾಯಾರು ಅದನ್ನು ಹೊಡೆದುಹಾಕಿ ತಮ್ಮ ಕೈಯಾರೆ "ಕಣ" ಎಂದು ಬರೆದರು. ಮೇಲಿನ ಕಚೇರಿಯಿಂದ ತಿರುಗಿ ಬಂತು: ಸೈಕಲ್ ದಾರಿಯ ಕಾಮಗಾರಿಯಲ್ಲಿ ಕಣದ ಅಗತ್ಯವೇನು, ವಿವರಿಸುವುದು. ನಾನು ನಾಲ್ಕು ಪುಟದ ವಿವರಣೆ ಸಿದ್ಧಮಾಡಿಕೊಂಡು ಹೋದೆ. ಬಾಯಾರು ಆ ಪತ್ರದ ಕೆಳಗೇ ಒಂದು ಸಾಲು ಬರೆದು ಕಳಿಸಿದರು: "ಕಣ ಇಲ್ಲದಿದ್ದರೆ ಸೈಕಲ್ ದಾರಿಯೇ ಕಣ." ಹದಿನೈದು ದಿನದಲ್ಲಿ ಮಂಜೂರಾಯಿತು. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಕಾಗದಗಳನ್ನು ಗಾಡಿಗೆ ಹೇರಿದರೆ ಎತ್ತು ಮುಗ್ಗರಿಸೀತು. ಆ ಒಂದು ಸಾಲಿಗೆ ಅವೆಲ್ಲ ಸಮ ಬರುವುದಿಲ್ಲ.

ಹೊಸದಾಗಿ ಸೇರಿದವರು ಇದರಿಂದ ಏನು ತೆಗೆದುಕೊಳ್ಳಬೇಕೋ ನನಗೆ ಗೊತ್ತಿಲ್ಲ. ಎಣಿಸಲು ಕೂಡುವುದಾದರೆ ಮಾಗಿಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಕೂಡಿರಿ. ಹುರಿಗಡಲೆ ಒಯ್ಯಬೇಡಿರಿ.

ಕಣ ಮರುವರ್ಷದ ಹೆಸರು ಕೀಳುವ ಮೊದಲೇ ಮುಗಿಯಿತು. ಅಗಲ ಎರಡು ಮೀಟರ್, ಉದ್ದ ದಾರಿಯಷ್ಟೇ. ಕಸ್ತೂರಿ ಹತ್ತನೇ ತರಗತಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿ, ಈಗ ಅದೇ ಆವರಣದ ಪಿಯು ಕಾಲೇಜಿಗೆ ಸೈಕಲ್ ಮೇಲೆ ಹೋಗಿ ಬರುತ್ತಾಳೆ.